ಸುಣ್ಣ ಹಿಡಿಯದ ಕಲೆ

ಎರಡನೇ ಸಲ ಬಳಿದ ಸುಣ್ಣವೂ ಆ ಎಣ್ಣೆಕಲೆಯ ಮೇಲೆ ನಿಲ್ಲದೆ ಜಾರಿ ಇಳಿದಾಗ ಅಂಬಾಬಾಯಿಗೆ ಸಿಟ್ಟು ನೆತ್ತಿಗೇರಿತು. ದೀವಳಿಗೆಗೆ ಪುಣೆಯಿಂದ ಅಳಿಯ ಬಂದಾನೆಂದು ಖೋಲಿ ಖಾಲಿ ಮಾಡಿಸಿ ಬೆಳಗಿನಿಂದ ಗೋಡೆಯ ಬೆನ್ನು ಬಿದ್ದಿದ್ದಳು. ಹೋದ ವರ್ಷವೂ, ಅದರ ಹಿಂದಿನ ವರ್ಷವೂ ಅವನು ಬಂದಿರಲಿಲ್ಲ. “ಪಂಢರಿನಾಥಾ, ಗ್ವಾಡಿಗೆ ತಲಿ ಆನಿಸಿ ಕುಂಡ್ರಬ್ಯಾಡ ಅಂತ ಎಷ್ಟ ಸಲ ಹೇಳಿಲ್ಲ ನಿನಗ?” ಎಂದು ಮೈದುನನ ಮೇಲೆ ಹರಿಹಾಯ್ದಳು.

“ವೈನಿ, ನನ್ನ ತಲಿ ಒಮ್ಮೆ ನೋಡ್ರಿ. ಕೂದಲಾ ಇಲ್ಲ, ಎಣ್ಣಿ ಯಾತಕ್ಕ ಹಚ್ಚಲಿ?” ಪಂಢರಿನಾಥ ಬೋಳುತಲೆ ಸವರಿಕೊಂಡು ನಕ್ಕ.

“ಅದು ನನ್ನ ತಲಿ ಎಣ್ಣೀದವ್ವಾ,” ಅಂದಳು ಮಗಳು ಮಂದಾಕಿನಿ. ಠೇಸನ್ ಕಡೆಯಿಂದ ಟಾಂಗಾ ಬರುವ ದಾರಿ ಕಾಣುವ ಕಿಟಕಿಯ ಪಕ್ಕದಲ್ಲೇ, ಕೂತವರ ತಲೆ ತಾಗುವ ಎತ್ತರಕ್ಕಿತ್ತು ಕಲೆ. ಸಂಜೆಯಾದರೆ ಮಗಳು ಅಲ್ಲೇ ಕೂಡುವುದು ಅಂಬಾಬಾಯಿಗೆ ಗೊತ್ತಿತ್ತು. ಗೋಡೆ ಇಷ್ಟು ಎಣ್ಣೆ ಕುಡಿದದ್ದು ಮಾತ್ರ ಈಗ ಕಂಡಿತು. “ಇರ್ಲಿ ಬಿಡು, ಅಳಿಯಂದ್ರು ಬಂದಾಗ ಅಲ್ಲೆ ಟ್ರಂಕ್ ಇಟ್ರ ಮುಚ್ಚತದ,” ಅಂದಳು ಮೆತ್ತಗೆ.

“ಅವರು ಬರಂಗಿಲ್ಲವ್ವಾ. ನಾನೂ ಇನ್ನ ದಾರಿ ನೋಡಂಗಿಲ್ಲ. ಹಬ್ಬ ಮುಗದ ಮ್ಯಾಲೆ ಇದಾ ಖೋಲ್ಯಾಗ ಹುಡಿಗ್ಯಾರಿಗೆ ಹಾಡು ಹೇಳಿಕೊಡತೇನಿ.” ಮಂದಾಕಿನಿ ಸೆರಗು ಸಿಕ್ಕಿಸಿ, ಇಟ್ಟಂಗಿ ಚೂರಿನಿಂದ ಕಲೆಯನ್ನು ಕೆರೆಯತೊಡಗಿದಳು. ಅಂಬಾಬಾಯಿ ಸುಣ್ಣದ ಕುಂಚ ಕೆಳಗಿಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ ಇನ್ನೊಂದು ಇಟ್ಟಂಗಿ ಚೂರು ಹುಡುಕಿ ತಂದು ಮಗಳ ಪಕ್ಕದಲ್ಲಿ ಕೂತಳು.