ಬಿಸಿ ಮಾಡಿದ ಕಾಯಿಲ್

"ಹೊಲಿಗೆ ನೀವೇ ಬಿಚ್ಚಿ, ಮೇಸ್ತ್ರಿ. ಹಾಕಿದವರು ನೀವೇ ತಾನೇ?"

ಅವಳು ಗೋಣಿಚೀಲವನ್ನು ತನ್ನ ಗ್ಯಾರೇಜಿನ ಬೆಂಚಿನ ಮೇಲೆ ದೊಪ್ಪನೆ ಇಟ್ಟಳು. ಮೇಸ್ತ್ರಿ ಚೀಲ ನೋಡಿದ, ಮುಟ್ಟಲಿಲ್ಲ. ಪಕ್ಕದ ಸ್ಟೂಲಿನಲ್ಲಿ ತರಬೇತಿ ಕೇಂದ್ರದ ಮೇಲ್ವಿಚಾರಕ ಕೂತಿದ್ದ. ಬರುವ ಸೋಮವಾರದಿಂದ ಆ ಕೇಂದ್ರದಲ್ಲಿ ಹೊಸಬರಿಗೆ ಬೈಕ್ ರಿಪೇರಿ ಕಲಿಸುವ ಕೆಲಸ ಮೇಸ್ತ್ರಿಗೆ ಸಿಕ್ಕಿತ್ತು. ಅದನ್ನು ತಪ್ಪಿಸಲೆಂದೇ ಅವಳು ಇಬ್ಬರನ್ನೂ ಕರೆಸಿದ್ದಳು.

ಏಳು ವರ್ಷದ ಹಿಂದೆ ಅವಳ ತಮ್ಮನ ಬೈಕು ಓಡುತ್ತಿದ್ದಂತೆಯೇ ಆಗಾಗ ಆಫ್ ಆಗುತ್ತಿತ್ತು. ಮೇಸ್ತ್ರಿ ಮಲ್ಟಿಮೀಟರ್ ಹಿಡಿದು, ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಅಳೆದು, ಸರಿಯಾಗಿದೆ ಎಂದು ಕಳಿಸಿದ್ದ. ಮೂರನೆಯ ದಿನ ಹೆದ್ದಾರಿ ದಾಟುವಾಗ ನಟ್ಟನಡುವೆ ಎಂಜಿನ್ ನಿಂತಿತು. ಲಾರಿ ನಿಲ್ಲಲಿಲ್ಲ. ತಮ್ಮನಿಗೆ ಆಗ ಹತ್ತೊಂಬತ್ತು.

ತಮ್ಮನೆಂದರೆ ಅವಳಿಗೆ ಜೀವ. ಅವನಿಗೋ ಅಕ್ಕನೇ ಮನೆಯ ಇಂಜಿನಿಯರು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟಾರ್ಚು, ಬೈಕಿನ ಹಾರ್ನು, ಏನು ಕೆಟ್ಟರೂ ಅವಳ ಮುಂದೆ ತಂದು ಸುರಿಯುತ್ತಿದ್ದ. "ಅಕ್ಕಾ, ನೀನು ಮುಟ್ಟಿದ್ರೆ ಕಲ್ಲಿಗೂ ಕರೆಂಟ್ ಬರುತ್ತೆ ಕಣೇ" ಎಂದು ಕಾಡುತ್ತಿದ್ದ. ಆ ದನಿ ಹೋದ ಮೇಲೆ ಮನೆಯಲ್ಲಿ ಯಾರೂ ಜೋರಾಗಿ ನಕ್ಕಿರಲಿಲ್ಲ.

ಮಾರನೆಯ ದಿನ ಮೇಸ್ತ್ರಿಯೇ ಬಂದು, ನುಜ್ಜುಗುಜ್ಜಾದ ಬೈಕಿನಿಂದ ಇಗ್ನಿಷನ್ನಿನ ಭಾಗಗಳನ್ನೆಲ್ಲ ಬಿಚ್ಚಿದ್ದ. ಒಂದೊಂದನ್ನೂ ತಿರುಗಿಸಿ ನೋಡಿ ಚೀಲಕ್ಕೆ ತುಂಬಿ, ಬಾಯಿ ಹೊಲಿದು ಕೊಟ್ಟಿದ್ದ. ಅವಳು ಅವನ ಅಂಗಡಿಯ ಮುಂದೆ ನಿಂತು, ಕೊಲೆಗಾರ ಎಂದು ಬೀದಿ ಕೇಳುವಂತೆ ಕೂಗಿದಳು. ಅವನು ತುಟಿಪಿಟಕ್ಕೆನ್ನಲಿಲ್ಲ. ತಪ್ಪು ಮಾಡದವನು ಸುಮ್ಮನಿರುತ್ತಾನೆಯೇ ಎಂದರು ಜನ. ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿತು.

ಅವಳಿಗೆ ಅಷ್ಟು ಸಾಲಲಿಲ್ಲ. ಅವನ ಕಸುಬನ್ನೇ ಕಲಿತು, ಅವನ ಮೀಟರಿನಿಂದಲೇ ಅವನ ಮುಖಕ್ಕೆ ಮಸಿ ಬಳಿಯಬೇಕು ಎಂದು ಹಲ್ಲು ಕಚ್ಚಿ ಕಲಿತಳು. ತಣ್ಣಗಿರುವ ಕಾಯಿಲ್ ಸುಳ್ಳು ಹೇಳುತ್ತದೆ ಎಂದು ಕಲಿತಳು. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ತಣ್ಣಗಿದ್ದಾಗ ಮೀಟರ್ ಸರಿಯೆನ್ನುತ್ತದೆ; ಬಿಸಿಯೇರಿದಾಗ ತಂತಿ ಬಾಯಿ ಬಿಡುತ್ತದೆ. ಮೇಸ್ತ್ರಿ ಅಳೆದದ್ದು ತಣ್ಣಗಿದ್ದಾಗ. ಚೀಲವನ್ನು ಮಾತ್ರ ಅವಳು ಏಳು ವರ್ಷ ಬಿಚ್ಚಲಿಲ್ಲ. ಬಿಚ್ಚಿದರೆ ಅವನೆದುರೇ ಬಿಚ್ಚಬೇಕೆಂಬ ಹಟ.

ಈಗ ಹೊಲಿಗೆಯನ್ನು ಅವಳೇ ಕತ್ತರಿಸಿದಳು. ಕಾಯಿಲ್ ತೆಗೆದು ಮೀಟರಿನ ಎರಡು ಮೊನೆ ತಾಗಿಸಿದಳು. ಹತ್ತು ಸಾವಿರ ಓಮ್.

"ಅವತ್ತು ಇಷ್ಟಕ್ಕೇ ಸರಿ ಅಂದ್ರಿ. ಈಗ ನೋಡಿ" ಎಂದು ಬಿಸಿಗಾಳಿಯ ಗನ್ ಎತ್ತಿಕೊಂಡಳು.

"ಬೇಡಮ್ಮಾ" ಎಂದ ಮೇಸ್ತ್ರಿ. "ಕಾಯಿಲ್ ಕೆಟ್ಟಿತ್ತು. ನಂದೇ ತಪ್ಪು. ಎಲ್ಲಿ ಬೇಕೋ ಬರೆದುಕೊಡ್ತೀನಿ."

"ಈಗ ಬೆವರು ಬಂತಾ? ಬರಿಯೋದು ಆಮೇಲೆ. ಮೊದಲು ಕಣ್ಣಾರೆ ನೋಡಿ."

ಕಾಯಿಲ್ ಮುಟ್ಟಲಾಗದಷ್ಟು ಕಾದಿತು. ಮೀಟರಿನ ಅಂಕಿ ತುಸು ಏರಿತು. ಬಿಸಿಗೆ ಅಷ್ಟು ಏರುವುದು ಸಹಜ. ಕಾಲು ಗಂಟೆ ಕಾಯಿಸಿದರೂ ಅಂಕಿ ಅಳುಕಲಿಲ್ಲ. ಕಾಯಿಲ್ ಗಟ್ಟಿಯಾಗಿತ್ತು.

ಅವಳು ಕಿಡಿಯ ಹೊತ್ತು ತಿಳಿಸುವ ಪಿಕಪ್ ಕಾಯಿಲ್ ತೆಗೆದಳು. ತಣ್ಣಗೂ ಸರಿ, ಬಿಸಿಗೂ ಸರಿ. ಚೀಲದಲ್ಲಿ ಉಳಿದದ್ದು ಹ್ಯಾಂಡಲಿನ ಸ್ವಿಚ್ಚು, ಅದರ ಹಿಂದೆ ಗೇಣುದ್ದ ವೈರು. ಕಾಯಿಲಿಗೆ ಹೋಗುವ ಕರೆಂಟು ಆ ಸ್ವಿಚ್ಚನ್ನು ಹಾದೇ ಹೋಗಬೇಕು. ಅವಳು ಕೈ ಹಾಕುವ ಮೊದಲೇ ಮೇಸ್ತ್ರಿ ಅದರ ಮೇಲೆ ಅಂಗೈ ಇಟ್ಟ.

"ಸಾಕು ಬಿಡಮ್ಮಾ. ಒಪ್ಕೊಂಡೆನಲ್ಲ."

ಅವಳು ಕಿತ್ತುಕೊಂಡಳು. ಮೊನೆಗಳನ್ನು ತಾಗಿಸಿದಾಗ ಮೀಟರ್ ಬೀಪ್ ಎಂದಿತು. ವೈರನ್ನು ಮೆಲ್ಲಗೆ ಅಲುಗಿಸಿದಳು. ಸದ್ದು ನಿಂತಿತು. ಮತ್ತೆ ಅಲುಗಿಸಿದಳು, ಬಂತು. ಮತ್ತೆ ನಿಂತಿತು. ನಡುವೆ ಟೇಪು ಸುತ್ತಿದ ಒಂದು ಗಂಟಿತ್ತು.

"ಸಿಕ್ತಲ್ಲ!" ಅವಳ ದನಿ ಗ್ಯಾರೇಜು ತುಂಬಿತು. "ಹಿಸುಕಿ ನೋಡಿ ಸಾರ್, ಬೆಸುಗೆ ಇಲ್ಲ ಏನಿಲ್ಲ, ಬರೀ ತಿರುಚಿ ಟೇಪ್ ಸುತ್ತಿದಾರೆ. ಗುಂಡಿಯಲ್ಲಿ ಬೈಕ್ ಕುಲುಕಿದ್ರೆ ಸಾಕು, ಕರೆಂಟ್ ಕಟ್. ಹಿಂಗೆ ಜೋಡಿಸಿದವರ ಕೈ ಮುರೀಬೇಕು!"

ಮೇಲ್ವಿಚಾರಕ ಟೇಪನ್ನು ಬೆರಳಿನಿಂದ ಸವರಿದ. ಪಳಗಿದ ಕೈ ಸುತ್ತಿದ ಟೇಪು, ಒಂದು ಸುಕ್ಕಿರಲಿಲ್ಲ.

"ಇದು ನಿಮ್ಮ ಕೆಲಸಾನಾ ಮೇಸ್ತ್ರಿ?"

ಮೇಸ್ತ್ರಿ ತಲೆ ತಗ್ಗಿಸಿದ. "ಹೌದು ಸಾರ್. ನಂದೇ."

"ಹಾಗಾದ್ರೆ ಸೋಮವಾರ ಬರೋದು ಬೇಡ" ಎಂದು ಮೇಲ್ವಿಚಾರಕ ಎದ್ದು ಹೋದ.

"ಮಾಡಿದ್ದುಣ್ಣೋ ಮಹಾರಾಯ" ಎಂದಳು ಅವಳು. ಏಳು ವರ್ಷದ ಉರಿಗೆ ತಣ್ಣೀರು ಹೊಯ್ದ ಹಾಗಾಯಿತು. ಇದಕ್ಕಿಂತ ದೊಡ್ಡ ಸುಖ ಬದುಕಿನಲ್ಲಿ ಬೇರೆ ಇರಲಾರದು ಎನಿಸಿತು.

ಮೇಸ್ತ್ರಿ ಬಾಗಿಲವರೆಗೆ ಹೋಗಿ ತಿರುಗಿದ. "ಒಂದು ಮಾತು ನಡೆಸಿಕೊಡು ಮಗಳೇ. ಆ ಟೇಪ್ ಬಿಚ್ಚಬೇಡ. ಹಾಗೇ ಬೆಂಕಿಗೆ ಹಾಕಿಬಿಡು."

ಅವನ ಹೆಜ್ಜೆಯ ಸದ್ದು ಬೀದಿಯಲ್ಲಿ ಕರಗಿತು. ಬೇಡ ಎಂದದ್ದನ್ನು ಬಿಚ್ಚಿ ನೋಡದಿದ್ದರೆ ಅವಳು ಮೆಕ್ಯಾನಿಕ್ ಆಗುತ್ತಲೇ ಇರಲಿಲ್ಲ. ಉಗುರಿನಿಂದ ತುದಿ ಎಬ್ಬಿಸಿ, ಸುತ್ತು ಸುತ್ತಾಗಿ ಬಿಡಿಸಿದಳು.

ಮೇಸ್ತ್ರಿ ಆಮೇಲೆ ಸುತ್ತಿದ ಟೇಪಿನಡಿ, ತಿರುಚಿದ ತಂತಿಯ ಮೇಲೆ ಗುಲಾಬಿ ಬಣ್ಣದ ನೈಲ್ ಪಾಲಿಶ್ ಒಣಗಿ ಕೂತಿತ್ತು. ಬೆಸುಗೆ ಹಾಕುವುದು ಗೊತ್ತಿಲ್ಲದ ಆ ಕಾಲದಲ್ಲಿ, ಮನೆಯ ಮಿಕ್ಸಿಗೂ ಇಸ್ತ್ರಿಪೆಟ್ಟಿಗೆಗೂ ಅವಳು ಹಾಕುತ್ತಿದ್ದ ಗಂಟುಗಳ ಮೇಲೆ ಹಚ್ಚುತ್ತಿದ್ದದ್ದು ಅದನ್ನೇ.