ಕಾಶಿಯಲ್ಲಿ ಬಿಟ್ಟದ್ದು

ಗಂಗಾಮಣಿ ಮೂರನೇ ಸಲ ಬಾಗಿಲಿಗೆ ಬಂದು, "ಎಲೆ ಹಾಕಿದೀನಿ ಅಪ್ಪಯ್ಯ, ಏಳು," ಎಂದಳು. ಸೋಮಯ್ಯ ಮೇಷ್ಟ್ರು ಏಳಲಿಲ್ಲ. ಆನೇಮಹಲಿನ ತಮ್ಮ ಮನೆಯಿಂದ ಕಟ್ಟಿಕೊಂಡು ಬಂದಿದ್ದ ರೊಟ್ಟಿಯ ಗಂಟನ್ನು ಕುಂದೂರಿನ ಮಗಳ ಮನೆಯ ಜಗಲಿಯ ಮೇಲೆ ಬಿಚ್ಚಿ, ತಮ್ಮದೇ ಚೊಂಬಿನ ನೀರಿನಲ್ಲಿ ಕೈ ತೊಳೆದುಕೊಂಡರು. ಒಳಗೆ ಕಡುಬು, ಅವರೆಕಾಳಿನ ಸಾರು ಆರುತ್ತಿತ್ತು. ಮಗಳಿಗೆ ಮಗುವಾಗುವ ತನಕ ಹೆತ್ತವರು ಅವಳ ಮನೆಯಲ್ಲಿ ಉಣ್ಣಬಾರದೆಂಬುದು ಹಿರಿಯರು ಮಾಡಿಟ್ಟ ಕಟ್ಟಳೆ. ಮದುವೆಯಾಗಿ ಒಂಬತ್ತು ವರ್ಷವಾದರೂ ಗಂಗಾಮಣಿಗೆ ಮಗುವಾಗಿರಲಿಲ್ಲ.

ಮೇಷ್ಟ್ರೇನು ಊರು ಬಿಟ್ಟು ಕದಲದ ಮನುಷ್ಯರಲ್ಲ. ಹೆಂಡತಿ ತೀರಿಕೊಂಡ ಮೇಲೆ ಶಾಲೆಯ ಕೆಲಸ ಬಿಟ್ಟು ಗೋಕರ್ಣ, ಶ್ರೀಶೈಲ, ರಾಮೇಶ್ವರ ಎಂದು ತಿರುಗಿ, ತಿರುಗಿದ್ದನ್ನೆಲ್ಲ ಬರೆದು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ಗುಡಿ ನೋಡುವ ಮೊದಲು ಸಂತೆ ನೋಡು, ದಾರಿ ಕೇಳುವುದಾದರೆ ಮುದುಕಿಯರನ್ನೇ ಕೇಳು, ತಲೆಯ ಮೇಲಿನ ಗಂಟು ಹಗುರವಾದಷ್ಟೂ ಊರು ಚೆನ್ನಾಗಿ ಕಾಣುತ್ತದೆ ಎಂದೆಲ್ಲ ಅದರಲ್ಲಿ ಬುದ್ಧಿಮಾತುಗಳಿದ್ದವು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ನಮ್ಮ ಮೇಷ್ಟ್ರು ಮಗಳ ಮನೆಯಲ್ಲಿ ಬದನೆಕಾಯಿಯನ್ನೂ ತಿನ್ನುತ್ತಿರಲಿಲ್ಲ.

"ನಿನ್ ಪುಸ್ತಕ ನಾನೂ ಓದಿದೀನಿ ಅಪ್ಪಯ್ಯ," ಎಂದಳು ಗಂಗಾಮಣಿ. ಅವಳಿಗೆ ಅಕ್ಷರ ಕಲಿಸಿದವರು ಅವರೇ. "ಕಾಣದ ಊರಾಗೆ ಯಾರಾದ್ರೂ ಅನ್ನ ಇಕ್ಕಿದ್ರೆ ಬ್ಯಾಡ ಅನ್ಬಾರ್ದು, ಬ್ಯಾಡ ಅಂದೋನು ಆ ಊರು ನೋಡಿದಂಗೇ ಅಲ್ಲ ಅಂತ ಬರ್ದಿದೀಯ. ಕುಂದೂರು ಊರಲ್ವಾ?"

"ಅದು ಯಾತ್ರೆ ಮಾತು ಕಣವ್ವ. ಇದು ಸಂಬಂಧದ ಮಾತು. ನಾನು ಕಟ್ಟಳೆ ಮುರಿದ್ರೆ ನಿಂಗೇ ಕೇಡು."

"ಇನ್ಯಾವ ಕೇಡು ಬಾಕಿ ಐತೆ? ನೀನು ಜಗಲಿ ಮ್ಯಾಲೆ ಬುತ್ತಿ ಬಿಚ್ಚಿದಾಗೆಲ್ಲ ಬೀದೀಲಿ ಹೋಗೋರು ನನ್ ಹೊಟ್ಟೆ ನೋಡ್ತಾರೆ."

ಅವಳು ಅಳಲಿಲ್ಲ. ಒಳಗೆ ಹೋಗಿ, ಹಾಸಿದ್ದ ಎಲೆಯನ್ನು ಹಾಗೇ ಮಡಿಸಿದಳು. ಮೇಷ್ಟ್ರು ಅರ್ಧ ತಿಂದ ರೊಟ್ಟಿಯನ್ನು ಮತ್ತೆ ಗಂಟು ಕಟ್ಟಿದರು. ಆದರೂ ಎದ್ದು ಹೊಸಿಲು ದಾಟಲು ಕಾಲು ಬರಲಿಲ್ಲ. ಅಂದು ಮಧ್ಯಾಹ್ನವೇ ಗಾಡಿ ಹತ್ತಿ, ಅರಸೀಕೆರೆಗೆ ಹೋಗಿ ಕಾಶಿಯ ದಾರಿಯ ರೈಲು ಹಿಡಿದರು.

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದನ್ನು ಅಲ್ಲಿ ಬಿಟ್ಟು ಬರಬೇಕು. ಜೊತೆಯ ಯಾತ್ರಿಕರಲ್ಲಿ ಹಲವರು ಹುಟ್ಟಿದಾಗಿನಿಂದ ಮುಟ್ಟದ ಹಾಗಲಕಾಯಿಯನ್ನೇ ಬಿಟ್ಟು ಪುಣ್ಯ ಕಟ್ಟಿಕೊಂಡರು. ಮೇಷ್ಟ್ರು ಗಂಗೆಯಲ್ಲಿ ಎದೆಮಟ್ಟ ನಿಂತು ಬಹಳ ಹೊತ್ತು ಯೋಚಿಸಿದರು. ಹಿಂದಿನ ದಿನ ಭಾಷೆ ಬಾರದ ಮುದುಕಿಯೊಬ್ಬಳು ಬಲವಂತ ಮಾಡಿ ಕೂರಿಸಿ ಉಣ್ಣಲಿಕ್ಕಿದ್ದಳು. ಯಾರು, ಏನು ಎಂದು ಕೇಳದೆ ಇವರು ಉಂಡೆದ್ದಿದ್ದರು. ಅದು ನೆನಪಾಗಿ, ಅದರ ಹಿಂದೆಯೇ ಮಗಳು ಮಡಿಸಿದ ಎಲೆಯೂ ನೆನಪಾಗಿ, ಅರವತ್ತರ ಆ ಮನುಷ್ಯ ನೀರಿನಲ್ಲಿ ನಿಂತು ಅತ್ತುಬಿಟ್ಟರು. ಕೊನೆಗೆ, ಮಗಳ ಮನೆಯಲ್ಲಿ ಉಣ್ಣಬಾರದೆಂಬ ಕಟ್ಟಳೆಯನ್ನೇ ಗಂಗೆಗೆ ಬಿಟ್ಟು ಮೂರು ಸಲ ಮುಳುಗಿ ಎದ್ದರು.

ಹೊರಟ ನಾಲ್ಕು ತಿಂಗಳಿಗೆ, ಆನೇಮಹಲಿನ ಮನೆಗೂ ಹೋಗದೆ ನೇರವಾಗಿ ಕುಂದೂರಿನಲ್ಲಿ ಗಾಡಿ ಇಳಿದರು. ಈ ಸಲ ಬುತ್ತಿ ಇರಲಿಲ್ಲ. ಹಸಿವು ಚೆನ್ನಾಗಿರಲೆಂದು ಹಿಂದಿನ ದಿನದಿಂದ ಏನೂ ತಿಂದಿರಲೂ ಇಲ್ಲ. ಜಗಲಿಯಲ್ಲಿ ನಿಲ್ಲದೆ ಹೊಸಿಲು ದಾಟಿ, "ಗಂಗೂ, ಹೊಟ್ಟೆ ಹಸೀತಾ ಐತೆ, ಎಲೆ ಹಾಕವ್ವ," ಎಂದು ಕೂಗಿದರು. ಬೀದಿಯವರಿಗೂ ಕೇಳಲೆಂದೇ ಗಟ್ಟಿಯಾಗಿ ಕೂಗಿದ್ದು.

ಅಡಿಗೆಮನೆಯಿಂದ ಬಂದವಳು ಗಂಗಾಮಣಿಯ ಅತ್ತೆ ಮಾರಮ್ಮ. ಇವರನ್ನು ಕಂಡು ಗೋಡೆ ಹಿಡಿದು ನಿಂತಳು. "ಕಾಗದ ಸಿಗ್ಲಿಲ್ವಾ ಬೀಗರೇ? ಆನೇಮಹಲಿಗೆ ಎಲ್ಡು ಸಲ ಬರ್ಸಿ ಹಾಕಿದ್ವಲ್ಲ. ಚಳಿಜ್ವರ ಬಂತು. ಎಂಟೇ ದಿನ, ಹೋಗ್ಬುಟ್ಳು. ನೀವು ಬತ್ತೀರೇನೋ ಅಂತ ಕಾದು ಕಾದು ತಿಥೀನೂ ಮುಗಿಸಿದ್ವಿ. ಇವತ್ತಿಗೆ ತಿಂಗಳಾತು."

ಮೇಷ್ಟ್ರು ನಡುಮನೆಯ ನೆಲದ ಮೇಲೆ ಕುಸಿದು ಕೂತರು. "ಉಣ್ಣಾಕೇ ಬಂದಿದ್ದೆ ಕಣಮ್ಮ. ಆ ಕಟ್ಟಳೇನ ಕಾಶೀಲಿ ಬಿಟ್ಟು ಬಂದೆ," ಎಂದರು.

ಮಾರಮ್ಮ ಒಳ್ಳೆಯ ಹೆಂಗಸು. ಹಸಿದು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಮನೆಯೂ ಅದಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಎಲೆ ತಂದು ಅವರ ಮುಂದೆ ಹಾಸಿ, ನೀರು ಚಿಮುಕಿಸಿದಳು.

"ಉಣ್ಣಿ ಬೀಗರೇ," ಎಂದಳು, ಸಮಾಧಾನ ಹೇಳುವ ದನಿಯಲ್ಲಿ. "ಈಗ ಯಾವ ಕಟ್ಟಳೇನೂ ಅಡ್ಡ ಬರಾಕಿಲ್ಲ. ಇದು ಇನ್ನ ನಿಮ್ ಮಗಳ ಮನೆ ಅಲ್ವಲ್ಲ."