ಒಳಗೇ ಇದ್ದೆ

ಅದ್ನಾನ್ ಎಲೆಕ್ಟ್ರಿಕ್ ಗಿಟಾರನ್ನು ಚೀಲದೊಳಗಿಟ್ಟು ಜಿಪ್ ಎಳೆದ. ಹೊಸದಾಗಿ ತಂದ, ಕರೆಂಟು ಬೇಡದ ಮರದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ.

"ಇವತ್ತಿನಿಂದ ನಮ್ಮದು ಕಂಟ್ರಿ ರಾಕ್," ಎಂದ. "ಬಲಗಿವಿ ಅರ್ಧ ಹೋಗ್ಯಾದ. ಹಿಂಗೇ ಬಾರಿಸಿದ್ರ ಇನ್ನೊಂದೂ ಹೋಗ್ತದಂತ ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ಕಂಟ್ರಿ ರಾಕ್ ಅಂತ ಬರದು ಕೊಟ್ಟಾರೇನು?" ಯಶೋಧರಾ ಕೇಳಿದಳು.

"ಆವಾಜ್ ಕಡಿಮಿ ಮಾಡು ಅಂದಾರ. ಹೆಸರು ನಾ ಇಟ್ಟೀನಿ."

ಶಹಾಬಾದಿನ ಆ ಮುಚ್ಚಿಹೋದ, ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಪಾಲಿಶ್ ಶೆಡ್ಡಿನಲ್ಲಿ ಆರು ವರ್ಷದಿಂದ ಪ್ರತಿ ಭಾನುವಾರ ಮೂವರೂ ಸೇರುತ್ತಿದ್ದರು. ಅದ್ನಾನನ ಗಿಟಾರು, ಜಿಲಾನಿಯ ಡ್ರಮ್ಮು, ಯಶೋಧರಾಳ ದನಿ. ಹಾಡು ಬರೆಯುವವಳೂ ಅವಳೇ. ವಾಡಿ, ಸೇಡಂ ಕಾಲೇಜುಗಳ ಹುಡುಗರು ಅವರ ರಾಕ್‌ಗೆ ಕುರ್ಚಿ ಮುರಿಯುವಂತೆ ಕುಣಿದಿದ್ದರು. ಆ ಗದ್ದಲದಲ್ಲಿ ಹಾಡು ಯಾವ ಭಾಷೆಯದೆಂದು ಮಾತ್ರ ಯಾರೂ ಕೇಳಿರಲಿಲ್ಲ.

"ಬ್ಯಾಡ," ಎಂದಳು ಯಶೋಧರಾ. "ಮೆಲ್ಲಕ ಬಾರಿಸಿದ್ರ ಮಾತು ಕೇಳಸ್ತಾವ."

"ಕೇಳಸ್ಲಿ ಅಂತೇ ಹಾಡ್ತೀವಲ್ಲ?"

ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಅವಳ ತಾಯಿ ಶಿವಕಾಂತಮ್ಮ ಪರ್ಸಿಕಲ್ಲುಗಳ ಮೇಲೆ ಕೂತಿದ್ದಳು. ಪ್ರತಿವಾರ ಮೂವರಿಗೂ ರೊಟ್ಟಿ ಕಟ್ಟಿಕೊಂಡು ಬಂದು, ಕಿವಿಗೆ ಹತ್ತಿ ಇಟ್ಟುಕೊಂಡು, ಗದ್ದಲ ಮುಗಿಯುವವರೆಗೂ ಅಲ್ಲಿಯೇ ಕೂತಿರುವುದು ಅವಳ ರೂಢಿ.

ಅದ್ನಾನ್ ಅವರ ಹೆಸರುವಾಸಿ ಹಾಡನ್ನೇ ಎತ್ತಿಕೊಂಡ. "ಇದು ಬ್ಯಾಡ, ಬ್ಯಾರೆ ಯಾವುದಾರ ಹಿಡಿ," ಎಂದಳು ಯಶೋಧರಾ. ಅವಳು ಅವನ ಬಲಗಡೆ ನಿಂತಿದ್ದಳು. ಅವನಿಗೆ ಕೇಳಿಸಲಿಲ್ಲ. ಜಿಲಾನಿ ಡ್ರಮ್ಮನ್ನು ಬೆರಳಿನಿಂದಲೇ ಬಡಿಯತೊಡಗಿದ. ಅವಳು ಹಾಡಬೇಕಾಯಿತು.

ಎರಡನೇ ಸಾಲಿಗೆ ಶಿವಕಾಂತಮ್ಮ ಹತ್ತಿ ತೆಗೆದಳು. ಇಷ್ಟು ಮೆಲ್ಲಗಿನ ಹಾಡಿಗೆ ಅದರ ಅಗತ್ಯವೇ ಇರಲಿಲ್ಲ.

*ಚಿತ್ತಾಪುರದಿಂದ ಬಂದಾನ, ಬಾಗಿಲಾಗ ನಿಂತಾನ*
*ಮಗಳು ಪುಣೇಕ್ಕ ಹೋಗ್ಯಾಳ ಅಂದಾಳ ಅವ್ವ*
*ಒಳಗೇ ಇದ್ದೆ ನಾ, ಒಳಗೇ ಇದ್ದೆ*
*ಚಿಲಕದ ಈಚಿ ನಿಂತೇ ಇದ್ದೆ*

ಏಳು ವರ್ಷದ ಹಿಂದೆ ಯಶೋಧರಾಳನ್ನು ಮದುವೆ ಕೇಳಲು ಅವಳು ಮೆಚ್ಚಿದವನೊಬ್ಬ ಬಂದಿದ್ದ. ಶಿವಕಾಂತಮ್ಮ ಮಗಳನ್ನು ಕೋಣೆಯಲ್ಲಿಟ್ಟು ಚಿಲಕ ಹಾಕಿದ್ದಳು. ಅವನು ಮತ್ತೆ ಬರಲಿಲ್ಲ. ಆ ಮಧ್ಯಾಹ್ನದ ಬಗ್ಗೆ ತಾಯಿ ಮಗಳು ಒಂದು ದಿನವೂ ಮಾತಾಡಿರಲಿಲ್ಲ. ಯಶೋಧರಾ ಹಾಡಿದ್ದಳು, ಅಷ್ಟೆ. ತಾಯಿಯ ಎದುರಿಗೇ, ನೂರಾರು ಸಲ.

ಹಾಡು ಮುಗಿಯಿತು. ಅದ್ನಾನ್ ತಂತಿಗಳ ಮೇಲೆ ಅಂಗೈ ಇಟ್ಟ.

"ಪುಣೆ ಅಂದಿದ್ದಿಲ್ಲ ನಾ," ಎಂದಳು ಶಿವಕಾಂತಮ್ಮ. "ಸೊಲ್ಲಾಪುರ ಅಂದಿದ್ದೆ."

"ಸೊಲ್ಲಾಪುರ ತಾಳಕ್ಕ ಕುಂದ್ರಲ್ರಿ, ಅವ್ವೋರೆ," ಎಂದ ಜಿಲಾನಿ, ಏನೂ ತಿಳಿಯದೆ.

ಯಶೋಧರಾ ತಾಯಿಯ ಕಡೆ ಒಂದು ಹೆಜ್ಜೆ ಇಟ್ಟಳು. "ಯವ್ವಾ..." ಎಂದಳು.

"ಇರು, ಇನ್ನೊಂದದ." ಶಿವಕಾಂತಮ್ಮ ಮಗಳ ಮುಖ ನೋಡಲಿಲ್ಲ. ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. "ಹೋಗಾಗ ಅವ ಕುಡೀಲಿಕ್ಕ ನೀರು ಕೇಳಿದ್ದ. ಮೆಲ್ಲಕ ಕೇಳಿದ, ನಿನಗ ಒಳಗ ಕೇಳಿಸಿರಲಿಕ್ಕಿಲ್ಲ."

ಗಂಟು ಬಿಚ್ಚಿತು.

"ನಾ ಕೊಡಲಿಲ್ಲ. ಅದನ್ನೂ ಬರಕೊ."